ಲೆಕ್ಕಕ್ಕೆ ಸಿಗದ ಜಾಗದ ಲೆಕ್ಕ

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಸದಸ್ಯರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಕಂಪ್ಯೂಟರ್ ನನ್ನ ವಿಷಯವಲ್ಲ. ಆದರೂ ಈ ಸಲ ಡಿಸ್ಕಿನ ಬಗ್ಗೆ ಮಾತನಾಡುತ್ತೇನೆ ಎಂದು ನಾನೇ ಕೇಳಿಕೊಂಡೆ. ಕಾರಣ, ಎರಡು ವರ್ಷದ ಹಿಂದೆ ಇದೇ ಸಭೆಯಲ್ಲಿ ಒಬ್ಬ ಹಿರಿಯರು ನನಗೆ ಒಂದು ಪ್ರಶ್ನೆ ಕೇಳಿದ್ದರು. ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಕೊಡದೆ ಕುಳಿತದ್ದು ಮನಸ್ಸಿಗೆ ಬಹಳ ಚುಚ್ಚಿತ್ತು.

ನಮ್ಮ ಶಾಲೆಗಳ ಹಳೆಯ ದಾಖಲಾತಿ ರಜಿಸ್ಟರುಗಳು, ಉರ್ದು ಮತ್ತು ಕನ್ನಡದ ಹಳೆಯ ವಾರ್ಷಿಕ ಸಂಚಿಕೆಗಳು, ಠರಾವು ಪುಸ್ತಕಗಳು, ಇವನ್ನೆಲ್ಲ ಸ್ಕ್ಯಾನ್ ಮಾಡಿ ಇಡಬೇಕು ಎಂದು ಸಂಘ ತೀರ್ಮಾನಿಸಿತ್ತು. ಗೆದ್ದಲು ಹತ್ತಿದ ಪುಟಗಳನ್ನು ನೋಡಿದವರಿಗೆ ಅದರ ಅವಸರ ಏನೆಂದು ಗೊತ್ತು. ಸದಸ್ಯರು ನೂರು, ಇನ್ನೂರು ರೂಪಾಯಿ ಕೂಡಿಸಿ ಕೊಟ್ಟ ಹಣದಲ್ಲಿ 2 ಟಿ.ಬಿ. ಡಿಸ್ಕು ಕೊಳ್ಳುವ ಕೆಲಸ ನನಗೆ ಬಂತು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೊಂಡೆ. ಅಲ್ಲಿಯೇ ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಪರದೆಯ ಮೇಲೆ ಬಂದದ್ದು 1.81 ಟಿ.ಬಿ. ಡಿಸ್ಕು ಹೊಸದು, ಒಳಗೆ ಒಂದು ಅಕ್ಷರವನ್ನೂ ಬರೆದಿಲ್ಲ. ಜಿ.ಬಿ.ಯಲ್ಲಿ ನೋಡಿದರೆ 2,000 ಇರಬೇಕಾದಲ್ಲಿ 1,862.

"ಉಳಿದ 138 ಜಿ.ಬಿ. ಎಲ್ಲಿ?" ಎಂದು ಕೇಳಿದೆ.

"ಹಂಗ ಇರ್ತೈತ್ರೀ ಮೇಡಮ್ಮಾರ, ಎಲ್ಲಾ ಕಂಪನೀದೂ ಹಂಗ," ಎಂದ ಅಂಗಡಿಯ ಹುಡುಗ.

ನನಗೆ ಸಿಟ್ಟು ಬಂತು. ಸಂಘದ ಹಣ ಇದು, ಬದಲಿಸಿ ಕೊಡಿ ಎಂದು ನಾಲ್ಕು ಜನರ ಮುಂದೆ ಜೋರು ಮಾಡಿದೆ. ಆತ ಮತ್ತೊಂದು ಪೊಟ್ಟಣ ಒಡೆದು ತೋರಿಸಿದ. ಅದರಲ್ಲಿಯೂ 1.81. ಬಿಲ್ಲು ತೆಗೆದುಕೊಂಡು ಸುಮ್ಮನೆ ಬಂದೆ. ಆದರೆ ಸಭೆಯಲ್ಲಿ ಖಜಾಂಚಿ ಸಾಹೇಬರು ಅದನ್ನೇ ಕೇಳಿದರು: "ಬೇಟಿ, ಬಿಲ್ಲಿನಾಗ ಎರಡು ಅಂತ ಐತಿ, ಡಿಸ್ಕಿನಾಗ ಎರಡು ಇಲ್ಲ. ನಾ ಏನಂತ ಬರೀಲಿ?" ಅವರು ನನ್ನ ಮೇಲೆ ಸಂಶಯಪಡಲಿಲ್ಲ. ಲೆಕ್ಕ ಕೇಳುವುದು ಅವರ ಕೆಲಸ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನಮ್ಮ ಕನ್ನಡ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರಿಯಿಂದ ತಡೆದು ಕೂರಿಸುವುದು. ಆ ಹತ್ತು ನಿಮಿಷ ನನಗೆ ಎರಡೂ ಅರ್ಥ ಒಟ್ಟಿಗೆ ತಿಳಿದವು.

ಮೊದಲು ಆ 138 ಜಿ.ಬಿ.ಯ ವಿಷಯ ಮುಗಿಸೋಣ. ಇದರಲ್ಲಿ ಯಾರ ಕಳ್ಳತನವೂ ಇಲ್ಲ. ಹೆಸರು ಒಂದು, ಅಳತೆ ಎರಡು, ಅಷ್ಟೇ.

ನಮ್ಮ ಸರಾಫ್ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಅಜ್ಜಿಯ ಕಾಲದ ತೊಲ ಎಂದರೆ 11.66 ಗ್ರಾಂ. ಇಂದು ಅನೇಕರು ಬಾಯಲ್ಲಿ ತೊಲ ಎನ್ನುತ್ತಾರೆ, ತೂಗುವುದು 10 ಗ್ರಾಂ. ಮದುವೆಯ ಮಾತುಕತೆಯಲ್ಲಿ "ಹತ್ತು ತೊಲ" ಎಂದು ಒಪ್ಪಿದರೆ, ಒಬ್ಬರ ಮನಸ್ಸಿನಲ್ಲಿ ಸುಮಾರು 116 ಗ್ರಾಂ, ಇನ್ನೊಬ್ಬರ ಮನಸ್ಸಿನಲ್ಲಿ 100 ಗ್ರಾಂ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಜಗಳ ಆಗುತ್ತದೆ.

ಡಿಸ್ಕು ಮಾಡುವ ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ. ಸಾವಿರ ಬೈಟ್‌ಗೆ ಒಂದು ಕೆ.ಬಿ., ಸಾವಿರ ಕೆ.ಬಿ.ಗೆ ಒಂದು ಎಂ.ಬಿ., ಹಾಗೆಯೇ ಮುಂದೆ. ಆ ಲೆಕ್ಕದಲ್ಲಿ 2 ಟಿ.ಬಿ. ಎಂದರೆ ಎರಡು ಲಕ್ಷ ಕೋಟಿ ಬೈಟ್. ಅಷ್ಟು ಬೈಟ್ ನನ್ನ ಡಿಸ್ಕಿನಲ್ಲಿ ನಿಜವಾಗಿಯೂ ಇದ್ದವು. ವಿಂಡೋಸ್ ಮಾತ್ರ ಹಳೆಯ ಪದ್ಧತಿಯಂತೆ 1,024ರಿಂದ ಭಾಗಿಸುತ್ತದೆ. ಕಂಪ್ಯೂಟರಿನ ನೆನಪು ಎರಡರ ಗುಣಾಕಾರದಲ್ಲಿ ಬೆಳೆಯುತ್ತದೆ, ಎರಡನ್ನು ಹತ್ತು ಸಲ ಗುಣಿಸಿದರೆ 1,024, ಅದು ಸಾವಿರಕ್ಕೆ ಹತ್ತಿರ ಇತ್ತು, ಆದ್ದರಿಂದ ಅದನ್ನೇ ಕಿಲೋ ಎಂದು ಕರೆದುಬಿಟ್ಟರು. ಕೆ.ಬಿ.ಯ ಕಾಲದಲ್ಲಿ ಈ ತಪ್ಪು ನೂರಕ್ಕೆ 2.4ರಷ್ಟು ಮಾತ್ರ. ಆದರೆ ಇದು ಚಕ್ರಬಡ್ಡಿಯಂತೆ ಬೆಳೆಯುತ್ತದೆ: ಎಂ.ಬಿ.ಯಲ್ಲಿ 4.9, ಜಿ.ಬಿ.ಯಲ್ಲಿ 7.4, ಟಿ.ಬಿ.ಗೆ ಬಂದರೆ ಹತ್ತಿರ ಹತ್ತಿರ 10. ಡಿಸ್ಕು ದೊಡ್ಡದಾದಷ್ಟೂ ಕಣ್ಣಿಗೆ ಹೊಡೆಯುವ ವ್ಯತ್ಯಾಸವೂ ದೊಡ್ಡದು. ನಿಮ್ಮ 16 ಜಿ.ಬಿ. ಪೆನ್‌ಡ್ರೈವಿನಲ್ಲಿ 14.9 ಎಂದು ಬರುವುದು ಇದೇ ಕಾರಣಕ್ಕೆ.

ಈ ಗೊಂದಲ ಕಳೆಯಲು 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1,024ರ ಲೆಕ್ಕಕ್ಕೆ ಬೇರೆ ಹೆಸರುಗಳನ್ನೇ ಕೊಟ್ಟಿತು: ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್. ಹೆಸರು ಕೇಳಿ ಮಕ್ಕಳು ನಗುತ್ತಿದ್ದೀರಿ. ಮಾರುಕಟ್ಟೆಯೂ ನಕ್ಕು ಬಿಟ್ಟುಬಿಟ್ಟಿತು. ಆ್ಯಪಲ್ ಕಂಪನಿ 2009ರಿಂದ ತನ್ನ ಮ್ಯಾಕ್ ಗಣಕಗಳಲ್ಲಿ ಸಾವಿರದ ಲೆಕ್ಕವನ್ನೇ ತೋರಿಸುತ್ತಿದೆ. ನನ್ನ ಡಿಸ್ಕನ್ನು ಅದಕ್ಕೆ ಹಚ್ಚಿದ್ದರೆ 2 ಟಿ.ಬಿ. ಎಂದೇ ಬರುತ್ತಿತ್ತು, ನಾನು ಅಂಗಡಿಯಲ್ಲಿ ಜಗಳವನ್ನೂ ಆಡುತ್ತಿರಲಿಲ್ಲ. ಅಮೆರಿಕದಲ್ಲಿ ಇದೇ ಜಗಳ ಕೋರ್ಟಿನವರೆಗೆ ಹೋಗಿದೆ. 80 ಜಿ.ಬಿ. ಡಿಸ್ಕು ಕೊಂಡವರೊಬ್ಬರಿಗೆ 74 ಚಿಲ್ಲರೆ ಕಂಡು, ಅವರು ದಾವೆ ಹೂಡಿದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ರಾಜಿಗೆ ಬಂದು ಗ್ರಾಹಕರಿಗೆ ಒಂದು ಬ್ಯಾಕಪ್ ತಂತ್ರಾಂಶವನ್ನು ಪುಕ್ಕಟೆ ಕೊಟ್ಟಿತು. ಅಂದರೆ ಜೋರು ಮಾಡಿದವಳು ನಾನೊಬ್ಬಳೇ ಅಲ್ಲ.

ಆ ಅಂಗಡಿಗೆ ಮತ್ತೆ ಹೋಗಿ ಆ ಹುಡುಗನಿಗೆ "ತಪ್ಪು ನನ್ನದು" ಎಂದು ಹೇಳಿ ಬಂದೆ. ಆತ ಚಹಾ ತರಿಸಿದ.

ಇದು ಅಳತೆಯ ಮಾತಾಯಿತು. ಈ 138ರಲ್ಲಿ ಒಂದು ಬೈಟೂ ನಿಜವಾಗಿ ಕಳೆದಿರಲಿಲ್ಲ. ಆದರೆ ಡಿಸ್ಕಿನಲ್ಲಿ ನಿಜವಾಗಿಯೇ ಕಳೆಯುವ ಜಾಗವೂ ಒಂದಿದೆ. ಅದು ತಿಳಿಯದೆ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಅದನ್ನು ಹೇಳುವ ಮೊದಲು ಒಂದು ಹಳೆಯ ವಸ್ತು ತೋರಿಸುತ್ತೇನೆ.

ಇದು ಫ್ಲಾಪಿ. ನಮ್ಮ ಲ್ಯಾಬಿನ ಬೀರುವಿನಲ್ಲಿ ಸಿಕ್ಕಿತು. ಇದರ ಮೇಲೆ 1.44 ಎಂ.ಬಿ. ಎಂದು ಬರೆದಿದೆ. ಇದರಲ್ಲಿ ತಲಾ 512 ಬೈಟ್ ಹಿಡಿಯುವ 2,880 ಖಾನೆಗಳಿವೆ. ಗುಣಿಸಿದರೆ 14,74,560 ಬೈಟ್. ಇದು ಸಾವಿರದ ಲೆಕ್ಕದಲ್ಲೂ 1.44 ಅಲ್ಲ, 1,024ರ ಲೆಕ್ಕದಲ್ಲೂ ಅಲ್ಲ. ಒಂದು ಸಲ 1,024ರಿಂದ, ಇನ್ನೊಂದು ಸಲ ಸಾವಿರದಿಂದ ಭಾಗಿಸಿದರೆ ಮಾತ್ರ 1.44 ಬರುತ್ತದೆ. ಅರ್ಧ ಹಳೆಯ ತೊಲ, ಅರ್ಧ ಹೊಸ ತೊಲ! ಅದಿರಲಿ. ಇದನ್ನು ಫಾರ್ಮ್ಯಾಟ್ ಮಾಡಿದ ಮೇಲೆ ನಮಗೆ ಉಳಿಯುವುದು 14,57,664 ಬೈಟ್. 16,896 ಬೈಟ್ ಹೋಯಿತು. ಎಲ್ಲಿ ಹೋಯಿತು ಎಂಬುದಕ್ಕೆ ಪೈಸೆ ಪೈಸೆಯ ಲೆಕ್ಕ ಇದೆ.

ಮೊದಲ ಒಂದು ಖಾನೆ ಡಿಸ್ಕಿನ ಪರಿಚಯ ಪತ್ರ. ಇದು ಎಂಥ ಡಿಸ್ಕು, ಖಾನೆ ಎಷ್ಟು, ಯಾವ ಕ್ರಮದಲ್ಲಿವೆ ಎಂದು ಅಲ್ಲಿ ಬರೆದಿರುತ್ತದೆ. ಮುಂದಿನ 9 ಖಾನೆಗಳಲ್ಲಿ ಒಂದು ಪಟ್ಟಿ. ಯಾವ ಖಾನೆ ಖಾಲಿ, ಯಾವುದು ತುಂಬಿದೆ, ಒಂದು ಫೈಲಿನ ಈ ತುಂಡಾದ ಮೇಲೆ ಮುಂದಿನ ತುಂಡು ಎಲ್ಲಿದೆ ಎಂಬ ವಿವರ ಅದರಲ್ಲಿ. ಆ ಪಟ್ಟಿ ಕೆಟ್ಟರೆ ಎಲ್ಲವೂ ಕೆಟ್ಟಂತೆ, ಆದ್ದರಿಂದ ಅದರ ಇನ್ನೊಂದು ಪ್ರತಿ, ಮತ್ತೆ 9 ಖಾನೆ. ಆಮೇಲೆ ಫೈಲುಗಳ ಹೆಸರು, ತಾರೀಖು, ಗಾತ್ರ ಬರೆಯುವ ಹಾಜರಿ ಪುಸ್ತಕ: 224 ಹೆಸರು, ಹೆಸರಿಗೆ 32 ಬೈಟ್, ಒಟ್ಟು 14 ಖಾನೆ. ಒಂದು, ಹದಿನೆಂಟು, ಹದಿನಾಲ್ಕು ಕೂಡಿದರೆ 33. ಮೂವತ್ತಮೂರನ್ನು 512ರಿಂದ ಗುಣಿಸಿ ನೋಡಿ, ಸರಿಯಾಗಿ 16,896. ಉಳಿದ 2,847 ಖಾನೆ ನಮ್ಮವು.

ಇದನ್ನು ಫೈಲ್ ಸಿಸ್ಟಮ್ ಎನ್ನುತ್ತಾರೆ, ಕನ್ನಡದಲ್ಲಿ ಕಡತ ವ್ಯವಸ್ಥೆ. ಅದಕ್ಕೆ ಹೋಗುವ ಜಾಗವನ್ನು ಏನೆನ್ನಬೇಕು ಎಂದು ಯೋಚಿಸುತ್ತಿದ್ದೆ. ಅಮರಗೋಳದ ಎ.ಪಿ.ಎಂ.ಸಿ.ಯಲ್ಲಿ ಕೆಲಸ ಮಾಡುವ ನನ್ನ ಅಣ್ಣ "ಬಾರದಾನ ಅನ್ನು" ಎಂದ. ಚೀಲದ ತೂಕ ಕಳೆದು ಕಾಳಿನ ತೂಕ ಹಿಡಿಯುತ್ತಾರಲ್ಲ, ಹಾಗೆ. ಚೆನ್ನಾಗಿದೆ. ಆದರೆ ನನಗೆ ಪಹಣಿಯ ಮಾತು ಇನ್ನೂ ಹತ್ತಿರ ಅನಿಸಿತು. ಪಹಣಿಯಲ್ಲಿ ವಿಸ್ತೀರ್ಣದ ಕಾಲಂ ನೋಡಿ: ಒಟ್ಟು, ಅದರ ಕೆಳಗೆ ಖರಾಬು, ಕೊನೆಗೆ ಉಳಿದದ್ದು. ಖರಾಬಿನಲ್ಲೂ ಅ ಮತ್ತು ಬ ಎಂದು ಎರಡು ತರಹ. ಒಂದು ಸಾಗುವಳಿಗೆ ಬಾರದ ನೆಲ. ಇನ್ನೊಂದು ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಐದು ಎಕರೆ ಹತ್ತು ಗುಂಟೆಯ ಹೊಲದಲ್ಲಿ ಹತ್ತು ಗುಂಟೆ ಖರಾಬಾದರೆ ಬಿತ್ತುವುದು ಐದು ಎಕರೆ. ದಾರಿಗೆ ಬಿಟ್ಟ ನೆಲದಲ್ಲಿ ಜೋಳ ಬೆಳೆಯುವುದಿಲ್ಲ ನಿಜ, ಆದರೆ ದಾರಿ ಇಲ್ಲದಿದ್ದರೆ ಬೆಳೆದ ಜೋಳ ಮನೆಗೆ ಬರುವುದು ಹೇಗೆ?

ಡಿಸ್ಕಿನ ಖರಾಬೂ ಹೀಗೆಯೇ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿ ಫೈಲಿಗೂ ತನ್ನ ರಜಿಸ್ಟರಿನಲ್ಲಿ ಸಾಮಾನ್ಯವಾಗಿ 1 ಕೆ.ಬಿ.ಯ ಒಂದು ಸಾಲು ಬರೆಯುತ್ತದೆ. ಲಿನಕ್ಸ್‌ನ ಎಕ್ಸ್ಟ್4 ಎಂಬುದು ಇನ್ನೂ ಮುಂದಾಲೋಚನೆಯದು. ಫೈಲು ಬರುವ ಮೊದಲೇ, ಫಾರ್ಮ್ಯಾಟ್ ಮಾಡುವಾಗಲೇ, ಪ್ರತಿ 16 ಕೆ.ಬಿ. ಜಾಗಕ್ಕೆ ಒಂದರಂತೆ 256 ಬೈಟ್‌ನ ಸಾಲುಗಳನ್ನು ಗೆರೆ ಹಾಕಿ ಇಟ್ಟುಬಿಡುತ್ತದೆ. ಅದೇ ನೂರಕ್ಕೆ ಒಂದೂವರೆಗಿಂತ ತುಸು ಹೆಚ್ಚು. ಇವೆರಡರಲ್ಲೂ ಇನ್ನೊಂದು ಪುಸ್ತಕ ಇರುತ್ತದೆ. ನಮ್ಮ ಅಂಗಡಿಕಾರರು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖತಾವಣಿಗೆ ಎತ್ತುತ್ತಾರಲ್ಲ, ಹಾಗೆ ಕಂಪ್ಯೂಟರೂ "ಇಂಥ ಬದಲಾವಣೆ ಮಾಡುತ್ತಿದ್ದೇನೆ" ಎಂದು ಮೊದಲು ಕಿರ್ದಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ, ಮತ್ತೆ ಬಂದಾಗ ಕಿರ್ದಿ ನೋಡಿ ಅರ್ಧಕ್ಕೆ ನಿಂತ ಕೆಲಸವನ್ನು ಸರಿಪಡಿಸುತ್ತದೆ. ಫ್ಲಾಪಿಯ ಕಾಲದಲ್ಲಿ ಈ ಕಿರ್ದಿ ಇರಲಿಲ್ಲ. ಆದ್ದರಿಂದಲೇ ಕರೆಂಟು ಹೋದರೆ ಫೈಲೂ ಹೋಗುತ್ತಿತ್ತು.

ಇನ್ನೊಂದು ತರಹದ ನಷ್ಟ ಇದೆ, ಅದು ನಮ್ಮ ಕೈಯಲ್ಲೇ ಇರುವಂಥದು. ಮುಸಾಫಿರಖಾನೆಯಲ್ಲಿ ಖೋಲಿ ಕೊಡುತ್ತಾರೆ, ಚಾಪೆ ಕೊಡುವುದಿಲ್ಲ. ಐದು ಜನರ ಕುಟುಂಬ ಬಂದರೂ ಒಂದು ಖೋಲಿ, ಒಬ್ಬನೇ ಬಂದರೂ ಒಂದು ಖೋಲಿ. ಡಿಸ್ಕೂ ಹಾಗೆ ಜಾಗವನ್ನು ಖೋಲಿಗಳಾಗಿ ಕೊಡುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಖೋಲಿ ಸಾಮಾನ್ಯವಾಗಿ 4 ಕೆ.ಬಿ. ದೊಡ್ಡ ಪೆನ್‌ಡ್ರೈವುಗಳನ್ನು ಎಕ್ಸ್‌ಫ್ಯಾಟ್ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದರೆ, 32 ಜಿ.ಬಿ.ಗಿಂತ ದೊಡ್ಡದಕ್ಕೆ ವಿಂಡೋಸ್ ತಾನಾಗಿ ಇಡುವುದು 128 ಕೆ.ಬಿ.ಯ ಖೋಲಿ.

ಭಾಷಾ ಶಿಕ್ಷಕಿ ಆದ್ದರಿಂದ ನನ್ನದೇ ಒಂದು ಪ್ರಯೋಗ ಹೇಳುತ್ತೇನೆ. ಧಾರವಾಡ ಎಂದು ಕನ್ನಡದಲ್ಲಿ ಬರೆಯಿರಿ. ಯುನಿಕೋಡ್ ಪ್ರಕಾರ ಅದರಲ್ಲಿ ನಾಲ್ಕು ಅಕ್ಷರ, ಎರಡು ದೀರ್ಘ, ಒಟ್ಟು ಆರು ಗುರುತು. ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್, ಅಂದರೆ 18 ಬೈಟ್. ಅದನ್ನೇ ಉರ್ದುವಿನಲ್ಲಿ ಬರೆದರೆ ದಾಲ್, ದೋಚಶ್ಮೀ ಹೇ, ಅಲಿಫ್, ರೇ, ವಾವ್, ಅಲಿಫ್, ಡೇ, ಹೀಗೆ ಏಳು ಗುರುತು. ಉರ್ದುವಿನ ಒಂದು ಗುರುತಿಗೆ 2 ಬೈಟ್, ಒಟ್ಟು 14. ಇಂಗ್ಲಿಷಿನಲ್ಲಿ ಏಳಕ್ಕೆ ಏಳೇ ಬೈಟ್. ಕನ್ನಡ ಜಾಗ ತಿನ್ನುತ್ತದೆ ಎಂದು ಕೆಲವರು ದೂರುವುದುಂಟು. ಆದರೆ ಈ ಮೂರನ್ನೂ ಮೂರು ಫೈಲು ಮಾಡಿ ಆ ಪೆನ್‌ಡ್ರೈವಿನಲ್ಲಿ ಇಡಿ. ಹದಿನೆಂಟಕ್ಕೂ, ಹದಿನಾಲ್ಕಕ್ಕೂ, ಏಳಕ್ಕೂ ತಲಾ 1,31,072 ಬೈಟ್‌ನ ಖೋಲಿ! ಫೈಲಿನ ಮೇಲೆ ಬಲಗುಂಡಿ ಒತ್ತಿ ವಿವರ ನೋಡಿದರೆ ಗಾತ್ರ ಎಂದು ಒಂದು ಸಂಖ್ಯೆ, ಡಿಸ್ಕಿನ ಮೇಲಿನ ಗಾತ್ರ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಆ ಎರಡರ ನಡುವಿನ ಅಂತರವೇ ಈ ನಷ್ಟ. ಎನ್‌ಟಿಎಫ್‌ಎಸ್ ಇಲ್ಲಿ ಸ್ವಲ್ಪ ಜಾಣ. ಇಷ್ಟು ಸಣ್ಣ ಫೈಲಾದರೆ ಖೋಲಿಯನ್ನೇ ಕೊಡದೆ ರಜಿಸ್ಟರಿನ ಸಾಲಿನಲ್ಲಿಯೇ ಬರೆದುಕೊಂಡುಬಿಡುತ್ತದೆ.

ಪಹಣಿಯ ಮಾತು ಬಂತಲ್ಲ, ಅದರಿಂದಲೇ ಒಂದು ದೊಡ್ಡ ಲೆಕ್ಕ ಮಾಡೋಣ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯ ಸರಕಾರ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಒಂದು ಪಹಣಿಯ ಅಕ್ಷರ ಮಾಹಿತಿ 1,500 ಬೈಟ್ ಎಂದು ನಾವು ಲೆಕ್ಕಕ್ಕಾಗಿ ಹಿಡಿಯೋಣ. 2 ಕೋಟಿಗೆ 30 ಜಿ.ಬಿ. ಆಯಿತು. ಈಗ ಪ್ರತಿ ಪಹಣಿಯನ್ನೂ ಬೇರೆ ಫೈಲು ಮಾಡಿ 4 ಕೆ.ಬಿ.ಯ ಖೋಲಿಗಳಲ್ಲಿ ಇಟ್ಟರೆ 82 ಜಿ.ಬಿ. ಬೇಕು, ರಜಿಸ್ಟರಿನ ಸಾಲುಗಳಿಗೆ ಇನ್ನೊಂದು 20. ಅದನ್ನೇ 128 ಕೆ.ಬಿ.ಯ ಖೋಲಿಗಳಲ್ಲಿ ಇಟ್ಟರೆ 2.6 ಟಿ.ಬಿ.! ಮೂವತ್ತು ಜಿ.ಬಿ. ಸರಕು ನನ್ನ 2 ಟಿ.ಬಿ. ಡಿಸ್ಕಿನಲ್ಲಿ ಹಿಡಿಯುವುದೇ ಇಲ್ಲ. ಇಂಥ ದಾಖಲೆಗಳನ್ನು ಬಿಡಿ ಫೈಲು ಮಾಡದೆ ಡೇಟಾಬೇಸ್‌ನಲ್ಲಿ ಒಟ್ಟಿಗೆ ಇಡುವುದಕ್ಕೆ ಬೇರೆ ಕಾರಣಗಳ ಜೊತೆ ಇದೂ ಒಂದು. ನೀವೂ ನೂರಾರು ಪುಟ್ಟ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕುವಾಗ ಒಂದು ಜಿಪ್ ಗಂಟು ಕಟ್ಟಿ ಹಾಕಿ, ವ್ಯತ್ಯಾಸ ನಿಮಗೇ ಕಾಣುತ್ತದೆ. ನಮ್ಮ ಸ್ಕ್ಯಾನ್ ಪುಟಗಳಿಗೆ ಈ ತೊಂದರೆ ಇರಲಿಲ್ಲ, ಏಕೆಂದರೆ ಅವು ಭಾರಿ ಗಾತ್ರದವು. ಅವಕ್ಕೆ ಬಂದ ತೊಂದರೆಯೇ ಬೇರೆ.

ಎ4 ಹಾಳೆಯನ್ನು 300 ಡಿಪಿಐ ಸೂಕ್ಷ್ಮತೆಯಲ್ಲಿ, ಬಣ್ಣದಲ್ಲಿ, ಕುಗ್ಗಿಸದೆ ಸ್ಕ್ಯಾನ್ ಮಾಡಿದರೆ ಅಡ್ಡ 2,480, ಉದ್ದ 3,508 ಚುಕ್ಕೆಗಳು, ಚುಕ್ಕೆಗೆ 3 ಬೈಟ್. ಒಂದು ಪುಟಕ್ಕೆ 2 ಕೋಟಿ 61 ಲಕ್ಷ ಬೈಟ್. ಕಂಪ್ಯೂಟರು ಅದನ್ನು 24.9 ಎಂ.ಬಿ. ಎಂದು ತೋರಿಸುತ್ತಿತ್ತು. ನಾನು 2 ಟಿ.ಬಿ.ಯನ್ನು 24.9ರಿಂದ ಭಾಗಿಸಿ "80 ಸಾವಿರ ಪುಟ ಹಿಡಿಯುತ್ತದೆ" ಎಂದು ಸಮಿತಿಗೆ ಬರೆದು ಕೊಟ್ಟೆ. ನಮ್ಮ ಪುಟಗಳಿದ್ದದ್ದು ಸುಮಾರು 74 ಸಾವಿರ. ಆರು ಸಾವಿರ ಉಳಿಯುತ್ತದೆ ಎಂದು ಹಾಯಾಗಿದ್ದೆ. ಲೆಕ್ಕದಲ್ಲಿ ಎರಡು ತೊಲ ಬೆರೆಸಿದ್ದೆ ಎಂಬುದು ಆಗ ಗೊತ್ತಿರಲಿಲ್ಲ. ಸರಿಯಾಗಿ ಭಾಗಿಸಿದರೆ ಬರೇ 76,600.

ನಮ್ಮ ಲ್ಯಾಬಿನ ಕಂಪ್ಯೂಟರುಗಳಲ್ಲಿ ಉಬುಂಟು ಇದೆ. ಡಿಸ್ಕನ್ನು ಅಲ್ಲಿಯೇ ಎಕ್ಸ್ಟ್4 ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿಸಿದೆ. ಹಾಜರಿ ಪುಸ್ತಕದ ಗೆರೆಗಳಿಗೆ 31 ಜಿ.ಬಿ. ಹೋಯಿತು. ಅದರ ಜೊತೆಗೆ ಎಕ್ಸ್ಟ್4 ಇನ್ನೊಂದು ಕೆಲಸ ಮಾಡುತ್ತದೆ. ಒಟ್ಟು ಜಾಗದಲ್ಲಿ ನೂರಕ್ಕೆ 5ನ್ನು ಗಣಕದ ಯಜಮಾನನಿಗೆ, ಅಂದರೆ ರೂಟ್ ಎಂಬ ಬಳಕೆದಾರನಿಗೆ, ಮೀಸಲಿಡುತ್ತದೆ. ನಮ್ಮ ಚಿಗರಿ ಬಸ್ಸಿನ ದಾರಿ ನೋಡಿದ್ದೀರಲ್ಲ? 2018ರಲ್ಲಿ ಆ ಬಸ್ಸು ಓಡಲು ಶುರುವಾದಾಗಿನಿಂದ, ಪಕ್ಕದ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿರುವಾಗ ನಡುವಿನ ದಾರಿ ಖಾಲಿ ಕಾಣುತ್ತದೆ, ನಮಗೆ ಹೊಟ್ಟೆಯುರಿ. ಆದರೆ ಅದು ಖಾಲಿ ಇರುವುದರಿಂದಲೇ ಬಸ್ಸು ಓಡುತ್ತದೆ. ಕಂಪ್ಯೂಟರಿನ ಮುಖ್ಯ ಡಿಸ್ಕಿನಲ್ಲಿ ಆ ನೂರಕ್ಕೆ ಐದು ಹಾಗೆಯೇ ಉಪಕಾರಿ. ಬೇರೆಯವರು ಡಿಸ್ಕನ್ನು ತುಂಬಿಸಿಬಿಟ್ಟರೂ ಯಜಮಾನ ಒಳಗೆ ಬಂದು ಕಸ ತೆಗೆಯಲು ಜಾಗ ಇರುತ್ತದೆ, ಫೈಲುಗಳು ತುಂಡು ತುಂಡಾಗಿ ಹರಡುವುದೂ ಕಡಿಮೆ. ಡಿಸ್ಕುಗಳು ಸಣ್ಣವಿದ್ದ ಕಾಲದಲ್ಲಿ ಐದು ಎಂದರೆ ಅಷ್ಟೇನೂ ಅಲ್ಲ. ನನ್ನ ಡಿಸ್ಕಿನಲ್ಲಿ ಅದು 100 ಜಿ.ಬಿ. ಅದೂ ಬರೇ ಪುಟಗಳನ್ನು ಇಡಲೆಂದೇ ಕೊಂಡ ಡಿಸ್ಕಿನಲ್ಲಿ.

ಹೀಗಾಗಿ 71,600 ಪುಟಕ್ಕೆ ಡಿಸ್ಕು "ಜಾಗ ಇಲ್ಲ" ಎಂದು ನಿಂತಿತು. ರಾತ್ರಿ ನಕಲಿಗೆ ಹಚ್ಚಿ ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದವರು ಯಾರೋ ಪರದೆಯ ಮೇಲಿದ್ದ ಸೂಚನೆ ಮುಚ್ಚಿದ್ದರು. ನಾನು ಫೋಲ್ಡರ್ ತೆರೆದು ನೋಡಿದೆ, ಪುಟಗಳು ತುಂಬಿದ್ದವು, ಎಲ್ಲವೂ ಬಂದಿದೆ ಎಂದುಕೊಂಡು ಸ್ಕ್ಯಾನಿನ ಕಂಪ್ಯೂಟರಿನಿಂದ ಅಳಿಸಿದೆ. ಎಣಿಸಲಿಲ್ಲ. ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಕಟ್ಟು ಕಟ್ಟುವ ಮೊದಲು ಎರಡು ಸಲ ಎಣಿಸುವ ನಾನು ಇಲ್ಲಿ ಒಂದು ಸಲವೂ ಎಣಿಸಲಿಲ್ಲ. ಕೊನೆಯ 2,400 ಪುಟಗಳು ಬಂದಿರಲಿಲ್ಲ. ಅವು 1960ರ ದಶಕದ ಹೆಣ್ಣುಮಕ್ಕಳ ಶಾಲೆಯ ದಾಖಲಾತಿ ರಜಿಸ್ಟರುಗಳು.

ಅದು ಗೊತ್ತಾದದ್ದು ಮೂರು ತಿಂಗಳ ಮೇಲೆ. ಒಬ್ಬ ಖಾಲಾ ಬಂದರು. ಅರವತ್ತೈದರ ಆಸುಪಾಸಿನವರು. ಪಾಸ್‌ಪೋರ್ಟ್ ಮಾಡಿಸಲು ಜನ್ಮ ದಿನಾಂಕದ ಉತಾರ ಬೇಕು, ಅವರ ಬಳಿ ಬೇರೆ ಯಾವ ಕಾಗದವೂ ಇಲ್ಲ. ನಾಲ್ಕನೆಯ ಇಯತ್ತೆಯವರೆಗೆ ನಮ್ಮ ಶಾಲೆಯಲ್ಲಿ ಓದಿದ್ದು ನೆನಪಿದೆ. "ಎಲ್ಲಾ ಕಂಪ್ಯೂಟರಿನಾಗ ಹಾಕ್ಯಾರಂತ, ಸಿಗ್ತೈತಿ ಅಂತ ಬಂದೆನವ್ವಾ" ಎಂದರು. ಡಿಸ್ಕಿನಲ್ಲಿ ಹುಡುಕಿದೆ, ಇಲ್ಲ. ಮೂಲ ರಜಿಸ್ಟರುಗಳು ಬೈಂಡಿಂಗಿಗೆ ಹೋಗಿದ್ದವು. ಖಾಲಾ ಹಳೇ ಹುಬ್ಬಳ್ಳಿಯಿಂದ ಮೂರು ಸಲ ಬಂದು ಹೋದರು. ಒಂದು ಸಲವೂ ಬೇಸರದ ಮಾತಾಡಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ನಾಲ್ಕನೆಯ ಸಲಕ್ಕೆ ರಜಿಸ್ಟರುಗಳು ಬಂದಿದ್ದವು. ಹರಿದ ಅಂಚಿನ ಪುಟದಲ್ಲಿ ಉರ್ದುವಿನಲ್ಲಿ ಅವರ ಹೆಸರು, ಅವರ ತಂದೆಯ ಹೆಸರು, ತಾರೀಖು ಎಲ್ಲವೂ ಇತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ಬೈಂಡಿಂಗಿನವರ ಹತ್ತಿರ ಆ ಪುಟವೊಂದು ಉದುರಿ ಹೋಗಿದ್ದರೆ ನಾನು ಅವರಿಗೆ ಏನು ಹೇಳಬೇಕಾಗಿತ್ತು ಎಂದು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ದುರಸ್ತಿ ಮಾತ್ರ ಒಂದು ನಿಮಿಷದ ಕೆಲಸ. ಉಬುಂಟುವಿನಲ್ಲಿ ಟ್ಯೂನ್‌ಟುಎಫ್‌ಎಸ್ ಎಂಬ ಆಜ್ಞೆಯಿದೆ. ಅದರಿಂದ ಮೀಸಲನ್ನು ಐದರಿಂದ ಒಂದಕ್ಕೋ ಸೊನ್ನೆಗೋ ಇಳಿಸಬಹುದು, ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಸೊನ್ನೆ ಮಾಡಿದ ಕೂಡಲೇ 100 ಜಿ.ಬಿ. ತೆರೆಯಿತು. ಅಂದರೆ ಇನ್ನೂ 3,800 ಪುಟದ ಜಾಗ. ರಜಿಸ್ಟರುಗಳನ್ನು ಮತ್ತೆ ಸ್ಕ್ಯಾನ್ ಮಾಡಿ ಹಾಕಿದೆವು. ಈ ಸಲ ಎಣಿಸಿದೆ. ಕಂಪ್ಯೂಟರಿನ ಮುಖ್ಯ ಡಿಸ್ಕಿನಲ್ಲಿ ಮಾತ್ರ ಹೀಗೆ ಸೊನ್ನೆ ಮಾಡಬೇಡಿ, ಚಿಗರಿಯ ದಾರಿ ಅಲ್ಲಿ ಬೇಕು. ಇನ್ನು ಫಾರ್ಮ್ಯಾಟ್ ಮಾಡುವಾಗಲೇ "ಇದರಲ್ಲಿ ದೊಡ್ಡ ಫೈಲುಗಳು ಮಾತ್ರ" ಎಂದು ಹೇಳಿದರೆ ಎಕ್ಸ್ಟ್4 16 ಕೆ.ಬಿ.ಗೆ ಒಂದರ ಬದಲು 1 ಎಂ.ಬಿ.ಗೆ ಒಂದು ಸಾಲು ಹಾಕುತ್ತದೆ. ಆಗ 31 ಜಿ.ಬಿ. ಹೋಗುವಲ್ಲಿ ಅರ್ಧ ಜಿ.ಬಿ. ಮಾತ್ರ ಹೋಗುತ್ತದೆ. ಆದರೆ ಆ ಆಯ್ಕೆ ಮೊದಲೇ ಮಾಡಬೇಕು, ಆಮೇಲೆ ಬದಲಿಸಲು ಬರುವುದಿಲ್ಲ. ಸಾಲುಗಳು ಕಡಿಮೆಯಾದ್ದರಿಂದ ಅದರಲ್ಲಿ ಲಕ್ಷಗಟ್ಟಲೆ ಪುಟ್ಟ ಫೈಲು ತುಂಬಲು ಹೋದರೆ, ಜಾಗ ಇದ್ದೂ ಹೆಸರು ಬರೆಯಲು ಸಾಲಿಲ್ಲ ಎಂದು ನಿಂತುಬಿಡುತ್ತದೆ.

ದೊಡ್ಡ ಸಂಸ್ಥೆಗಳು ನಾಲ್ಕಾರು ಡಿಸ್ಕುಗಳನ್ನು ಜೋಡಿಸಿ ರೇಡ್ ಎಂಬ ಏರ್ಪಾಟು ಮಾಡುತ್ತವೆ. ಅಲ್ಲಿ ಒಂದು ಡಿಸ್ಕಿನಷ್ಟು ಜಾಗ ಪೂರ್ತಿ ಖರಾಬು. ತಲಾ 4 ಟಿ.ಬಿ.ಯ ನಾಲ್ಕು ಡಿಸ್ಕಿನಲ್ಲಿ ರೇಡ್-5 ಮಾಡಿದರೆ 16ರ ಬದಲು 12, ವಿಂಡೋಸ್ ಕಣ್ಣಿಗೆ 10.9. ಒಂದು ಡಿಸ್ಕು ಸತ್ತರೂ ಮಾಹಿತಿ ಉಳಿಯುತ್ತದೆ, ಅದಕ್ಕೆ ಕೊಟ್ಟ ಬೆಲೆ ಅದು. ಎರಡು ಸತ್ತರೆ ಎಲ್ಲವೂ ಹೋಯಿತು. ಆದ್ದರಿಂದ ಬೇರೆ ಊರಲ್ಲಿ, ಬೇರೆ ಕೈಯಲ್ಲಿ ಇನ್ನೊಂದು ಪ್ರತಿ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡ, ಉರ್ದು ಎರಡರ ಹಳೆಯ ಪುಸ್ತಕಗಳೂ ಇದ್ದವು. ಆ ಜಾಲತಾಣ ಈಗ ಇಲ್ಲ. ಆದರೂ ಆ ಪುಸ್ತಕಗಳಲ್ಲಿ ಬಹಳಷ್ಟನ್ನು ನಾವು ಇಂದಿಗೂ ಓದುತ್ತಿದ್ದೇವೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಅವುಗಳ ಪ್ರತಿ ಇರುವುದರಿಂದ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ನೂರಕ್ಕೆ ಏಳು, ಒಂಬತ್ತು ಕಡಿಮೆ ಕಂಡರೆ ಅದು ತೊಲದ ವ್ಯತ್ಯಾಸ. ಅದಕ್ಕಾಗಿ ನನ್ನ ಹಾಗೆ ಅಂಗಡಿಯಲ್ಲಿ ಜಗಳ ಬೇಡ. ಆದರೆ ನಿಜವಾದ ಮೋಸವೂ ಇದೆ, ಅದು ಕಡಿಮೆ ತೋರಿಸುವುದಿಲ್ಲ, ಹೆಚ್ಚು ತೋರಿಸುತ್ತದೆ. ಕೆಲವು ನೂರು ರೂಪಾಯಿಗೆ "1 ಟಿ.ಬಿ." ಪೆನ್‌ಡ್ರೈವು ಮಾರುತ್ತಾರೆ. ಒಳಗೆ ಇರುವುದು 8 ಅಥವಾ 16 ಜಿ.ಬಿ. ಇರಬಹುದು. ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಅದರೊಳಗಿನ ಚಿಪ್ಪನ್ನು ತಿದ್ದಿರುತ್ತಾರೆ. ಫೈಲುಗಳ ಹೆಸರು ಕಾಣುತ್ತದೆ, ತೆರೆದರೆ ಒಳಗೆ ಏನೂ ಇರುವುದಿಲ್ಲ. ಪೂರ್ತಿ ತುಂಬಿಸಿ, ಮತ್ತೆ ಓದಿ ತಾಳೆ ನೋಡುವುದೊಂದೇ ಇದಕ್ಕೆ ಪರೀಕ್ಷೆ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ.

ಕಳೆದ ವರ್ಷ ಸಂಘ ಎರಡನೆಯ ಡಿಸ್ಕು ಕೊಂಡಿತು. 4 ಟಿ.ಬಿ.ಯದು. ಮೊದಲಿನದರ ಪೂರ್ತಿ ಪ್ರತಿ ಅದರಲ್ಲಿದೆ, ಅದು ಧಾರವಾಡದಲ್ಲಿ ಇದೆ, ಮೊದಲಿನದು ಹುಬ್ಬಳ್ಳಿಯಲ್ಲಿ. ಬಿಲ್ಲು ತೆಗೆದುಕೊಂಡು ಖಜಾಂಚಿ ಸಾಹೇಬರ ಮನೆಗೆ ಹೋದಾಗ ಈ ಸಲ ಅವರು ಪ್ರಶ್ನೆ ಕೇಳಲಿಲ್ಲ. ಸ್ಟಾಕ್ ರಜಿಸ್ಟರು ತೆಗೆದು, ಸ್ಕೇಲಿಟ್ಟು, ಒಂದು ಕಾಲಮನ್ನು ಮೂರು ಮಾಡಿ ಗೆರೆ ಎಳೆದರು. ಮೇಲೆ ಪಹಣಿಯ ಹಾಗೆ ಬರೆದರು: ಒಟ್ಟು, ಖರಾಬು, ಉಳಿದದ್ದು. "ಹೇಳು ಬೇಟಿ, ಬೈಟಿನಾಗ ಹೇಳು, ತೊಲದಾಗ ಬ್ಯಾಡ" ಎಂದರು. ನಾಲ್ಕು ಲಕ್ಷ ಕೋಟಿ ಎಂದು ಹೇಳಿದೆ. ಅವರು ಸೊನ್ನೆಗಳನ್ನು ಒಂದೊಂದಾಗಿ ಎಣಿಸಿ ಬರೆದರು.

ಆ ರಜಿಸ್ಟರು ಇಲ್ಲಿ ಮೇಜಿನ ಮೇಲಿದೆ, ಫ್ಲಾಪಿಯೂ ಇದೆ. ನೋಡಬೇಕೆನ್ನುವವರು ಚಹಾ ವಿರಾಮದಲ್ಲಿ ಬಂದು ನೋಡಬಹುದು.